ಸುಟ್ಟ ಬೆಟ್ಟದ ಪಾಠ

ಕಾಡ್ಗಿಚ್ಚನ್ನು ಆರಿಸುವ ವಿದ್ಯೆಯನ್ನು ಪುಸ್ತಕದಿಂದ ಒಂದಿಷ್ಟು ಕಲಿಯಬಹುದು. ಆ ಬೆಂಕಿಯ ಮುಂದೆ ಹತ್ತಾರು ಜನರನ್ನು ನಡೆಸುವ ವಿದ್ಯೆಯನ್ನು ಕಲಿಯುವುದೆಲ್ಲಿ? ಅಮೆರಿಕದ ಅರಣ್ಯ ಸೇವೆಯವರು ಇದಕ್ಕೆ ಕಂಡುಕೊಂಡ ಒಂದು ಉತ್ತರವಿದೆ: ಹಿಂದೆ ಬೆಂಕಿಗೆ ಜನ ಬಲಿಯಾದ ಬೆಟ್ಟಕ್ಕೇ ಹೋಗಿ ಕಲಿಯುವುದು.

ಈ ಕ್ರಮ ಮೂಲತಃ ಸೈನ್ಯದ್ದು. 19ನೆಯ ಶತಮಾನದ ಪ್ರಷ್ಯಾದಲ್ಲಿ ಸೇನಾಧಿಕಾರಿಗಳು ಕುದುರೆಯೇರಿ ಹೊರಟು, ನೆಲವನ್ನು ನೋಡುತ್ತ ಯುದ್ಧತಂತ್ರವನ್ನು ಕಲಿಯುತ್ತಿದ್ದರು. 'ಸ್ಟಾಫ್ ರೈಡ್' ಎಂಬ ಹೆಸರು ಬಂದುದು ಆ ಸವಾರಿಯಿಂದಲೇ. 1906ರಲ್ಲಿ ಮೇಜರ್ ಎಬೆನ್ ಸ್ವಿಫ್ಟ್ ಎಂಬಾತ ಲೆವನ್‌ವರ್ತ್ ಸೈನಿಕ ಶಾಲೆಯ ವಿದ್ಯಾರ್ಥಿಗಳನ್ನು ಅಮೆರಿಕದ ಅಂತರ್ಯುದ್ಧದ ರಣಭೂಮಿಗಳಿಗೆ ಕರೆದೊಯ್ದನು. ಕಾಡ್ಗಿಚ್ಚಿನ ವಿರುದ್ಧ ಹೋರಾಡುವವರು ಅದೇ ಪದ್ಧತಿಯನ್ನು ತಮ್ಮದಾಗಿಸಿಕೊಂಡಿದ್ದಾರೆ.

ಅವರು ಹೀಗೆ ನಡೆದು ನೋಡುವ ಸ್ಥಳಗಳಲ್ಲಿ ಒಂದು, ಮಾಂಟಾನಾ ಸಂಸ್ಥಾನದ ಮ್ಯಾನ್ ಗಲ್ಚ್ ಎಂಬ ಕಣಿವೆ. 1949ರ ಆಗಸ್ಟ್ 5ರ ಮಧ್ಯಾಹ್ನ 15 ಜನ ವಿಮಾನದಿಂದ ಪ್ಯಾರಾಷೂಟ್ ಕಟ್ಟಿ ಅಲ್ಲಿಗೆ ಧುಮುಕಿದರು. ಅವರ ನಾಯಕ ವ್ಯಾಗ್ನರ್ ಡಾಜ್. ರೇಡಿಯೊ ಯಂತ್ರದ ಪ್ಯಾರಾಷೂಟ್ ಬಿಚ್ಚಿಕೊಳ್ಳದೆ, ಅದು ಬಿದ್ದು ಒಡೆಯಿತು. ಅಲ್ಲಿ ಮೊದಲೇ ಬೆಂಕಿಯೊಡನೆ ಸೆಣಸುತ್ತಿದ್ದ ಕಾವಲುಗಾರನೊಬ್ಬನು ಸೇರಿ 16 ಜನರಾದರು. ನದಿಯ ಕಡೆಗೆ ಇಳಿಯುತ್ತಿರುವಾಗ ಡಾಜ್ ಕಂಡುದೇನು? ಬೆಂಕಿ ಕಣಿವೆಯನ್ನು ದಾಟಿ, ತಮ್ಮ ಎದುರಿಗೇ ಬರುತ್ತಿದೆ! ಒಡನೆಯೇ ಆತನು ಜನರನ್ನು ಹಿಂದಕ್ಕೆ, ಕಡಿದಾದ ಇಳಿಜಾರಿನ ಮೇಲಕ್ಕೆ ತಿರುಗಿಸಿದನು. ಭಾರವಾದ ಸಲಿಕೆ, ಗರಗಸಗಳನ್ನು ಬಿಸುಡಿರೆಂದನು. ಆಮೇಲೆ ಯಾರೂ ನಿರೀಕ್ಷಿಸದ ಕೆಲಸವೊಂದನ್ನು ಮಾಡಿದನು: ತನ್ನ ಮುಂದಿದ್ದ ಒಣಹುಲ್ಲಿಗೆ ತಾನೇ ಕಡ್ಡಿ ಗೀರಿದನು. ಹುಲ್ಲು ಉರಿದುಹೋದ ಜಾಗದಲ್ಲಿ ಹಿಂದಿನ ಬೆಂಕಿಗೆ ಉರಿಯಲು ಏನೂ ಉಳಿಯದು. ಆ ಬೂದಿಯೊಳಕ್ಕೆ ಬನ್ನಿರೆಂದು ಕೂಗಿ ಕರೆದನು.

ಯಾರೂ ಬರಲಿಲ್ಲ. ಆ ಗದ್ದಲದಲ್ಲಿ ಆತನ ಉದ್ದೇಶ ಅವರಿಗೆ ಅರ್ಥವೇ ಆಗಲಿಲ್ಲ. ಎಲ್ಲರೂ ಬೆಟ್ಟದ ನೆತ್ತಿಯ ಕಡೆಗೆ ಓಡಿದರು. ಬಂಡೆಗಳ ಸಂದಿನಲ್ಲಿ ನುಸುಳಿ ಇಬ್ಬರು ಪಾರಾದರು. ಬೂದಿಯಲ್ಲಿ ಮುಖವಡಗಿಸಿ ಮಲಗಿದ ಡಾಜ್ ಉಳಿದನು. 13 ಜನ ಪ್ರಾಣ ತೆತ್ತರು.

ಕುರ್ಚಿಯಲ್ಲಿ ಕುಳಿತು ಇದನ್ನು ಓದುವಾಗ, 'ಡಾಜ್ ಹೇಳಿದಂತೆ ಕೇಳಬಾರದಿತ್ತೇ!' ಎಂದು ನಿಮಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಕಥೆಯ ಕೊನೆ ತಿಳಿದವರಿಗೆ ವಿವೇಕ ಸುಲಭ. ಈ ಸವಾರಿ ಮುರಿಯುವುದು ಆ ಸುಲಭದ ವಿವೇಕವನ್ನೇ. ವಿದ್ಯಾರ್ಥಿಗಳು ಮೊದಲು ವರದಿಗಳನ್ನು ಓದುತ್ತಾರೆ. ಅನಂತರ ಆ ಇಳಿಜಾರನ್ನು ತಾವೇ ಏರುತ್ತಾರೆ. ಸತ್ತವರ ಗುರುತುಗಳು ಅಲ್ಲಲ್ಲಿ ನಿಂತಿವೆ. ಮುಖ್ಯವಾದ ಎಡೆಗಳಲ್ಲಿ ನಿಂತು ಅವರು ಉತ್ತರಿಸಬೇಕಾದ ಪ್ರಶ್ನೆಗಳಿವು: ಇಲ್ಲಿಂದ ನಾಯಕನಿಗೆ ಏನು ಕಾಣುತ್ತಿತ್ತು? ಆ ಗಳಿಗೆಯಲ್ಲಿ ಏನು ತಿಳಿದಿತ್ತು? ನೀವಾಗಿದ್ದರೆ ಏನು ಹೇಳುತ್ತಿದ್ದಿರಿ? ಉಸಿರು ಕಟ್ಟುವ ಆ ಏರಿನಲ್ಲಿ ಉತ್ತರಗಳು ತಡವರಿಸುತ್ತವೆ. ಕೊನೆಗೆ ಎಲ್ಲರೂ ಕುಳಿತು, ನೋಡಿದ್ದನ್ನು ತಮ್ಮ ತಮ್ಮ ಕೆಲಸಕ್ಕೆ ಹೊಂದಿಸಿ ಚರ್ಚಿಸುತ್ತಾರೆ. ತಪ್ಪುಗಾರನನ್ನು ಹುಡುಕುವುದು ಅಲ್ಲಿನ ಉದ್ದೇಶವಲ್ಲ.

ಪಾಠ ಒಂದೇ ಸಲಕ್ಕೆ ತಲೆಗೆ ಹತ್ತುವುದೂ ಇಲ್ಲ. 1994ರ ಜುಲೈ 6ರಂದು ಕೊಲೊರಾಡೊದ ಸ್ಟಾರ್ಮ್ ಕಿಂಗ್ ಬೆಟ್ಟದಲ್ಲಿ ಮತ್ತೆ 14 ಜನ ಬೆಂಕಿಗೆ ಸಿಕ್ಕಿ ಮಡಿದರು. ಕೆಲವರು ಕೊನೆಯವರೆಗೂ ತಮ್ಮ ಹೊರೆಯನ್ನು ಇಳಿಸದೆಯೇ ಓಡಿದ್ದರು. 45 ವರ್ಷಗಳ ಹಿಂದೆ ಡಾಜ್ ಕೂಗಿ ಹೇಳಿದ್ದ ಮಾತು ಕಾಗದದಲ್ಲಿತ್ತು, ಕೈಗಳಿಗೆ ಇಳಿದಿರಲಿಲ್ಲ. ಇಂದು ಆ ಬೆಟ್ಟವೂ ಒಂದು ಪಾಠಶಾಲೆಯಾಗಿದೆ.

ಡಾಜ್ ಮಾಡಿದ್ದು ಸರಿಯೇ. ಆದರೆ ಸರಿಯಾದ ಆಜ್ಞೆಯೊಂದೇ ಸಾಲದು. ವಿಚಿತ್ರವೆಂದು ತೋರುವ ಮಾತನ್ನೂ ಜನ ನಂಬಿ ನಡೆಯಬೇಕಾದರೆ, ಆ ನಂಬಿಕೆ ಬೆಂಕಿ ಹೊತ್ತುವುದಕ್ಕೆ ಮೊದಲೇ, ಜೊತೆಯಾಗಿ ದುಡಿದ ದಿನಗಳಲ್ಲಿ ಬೆಳೆದಿರಬೇಕು. ಉರಿ ಬೆನ್ನಿಗೆ ತಾಗಿದಾಗ ಅದನ್ನು ಬೆಳೆಸಲು ಸಮಯವೆಲ್ಲಿದೆ?