ಬಚ್ಚಲ ಬಟ್ಟಲಿನ ಒಂದು ಬೊಗಸೆ ನೀರು

ಮುಂಬಯಿ ಪ್ಲಂಬರುಗಳ ಬಾಯಲ್ಲಿ ಒಂದು ಪದ ಇದೆ, 'ನಹಾನಿ ಟ್ರ್ಯಾಪ್'. ಬಚ್ಚಲ ಮೂಲೆಯ ಜಾಲರಿ ಎತ್ತಿದರೆ ಕೆಳಗೆ ಕಾಣುವ ಬಟ್ಟಲು ಅದು. ಮರಾಠಿಯ 'ನ್ಹಾಣಿ' ಅಂದರೆ ನಮ್ಮ ಬಚ್ಚಲು. ಅರ್ಧ ಮರಾಠಿ, ಅರ್ಧ ಇಂಗ್ಲಿಷ್, ಥೇಟ್ ಈ ಊರಿನ ಹಾಗೆ! ಬಚ್ಚಲು ಕಟ್ಟಿಕೊಂಡಾಗ ಮಾತ್ರ ನಾವು ಇದರ ಕಡೆ ನೋಡುತ್ತೇವೆ. ಆದರೆ ಇದಕ್ಕೂ ಒಂದು ಚರಿತ್ರೆ ಇದೆ.

ನಾನು ಬೆಳೆದ ಕರಾವಳಿಯ ಮನೆಗೆ ಟ್ರ್ಯಾಪ್ ಬೇಕಿರಲಿಲ್ಲ. ಬಚ್ಚಲ ನೀರು ಗೋಡೆಯ ತೂತಿನಿಂದ ಹೊರಬಿದ್ದು ತೆಂಗಿನ ಬುಡಕ್ಕೋ ಬಸಳೆ ಚಪ್ಪರಕ್ಕೋ ಹೋಗುತ್ತಿತ್ತು. ಕಟ್ಟಿಕೊಂಡರೆ ಒಂದು ಕಡ್ಡಿ ತೂರಿಸಿದರೆ ಮುಗಿಯಿತು. ಮನೆಯ ಮೇಲೆ ಮನೆ ಕಟ್ಟಿ, ಎಲ್ಲರ ಬಚ್ಚಲನ್ನೂ ಒಂದೇ ಪೈಪಿಗೆ ಸೇರಿಸಿದಾಗ ಕಥೆ ಬದಲಾಯಿತು. ನೀರು ಇಳಿಯುವ ದಾರಿಯಲ್ಲೇ ಗಟಾರದ ಗಾಳಿ ಮೇಲೇರುತ್ತದಲ್ಲ?

ಇದಕ್ಕೆ ಉಪಾಯ ಹುಡುಕಿದವರಲ್ಲಿ ಒಬ್ಬ ಲಂಡನ್ನಿನ ಗಡಿಯಾರ ತಯಾರಕ, ಅಲೆಕ್ಸಾಂಡರ್ ಕಮಿಂಗ್. 1775ರಲ್ಲಿ ಆತ ಪೇಟೆಂಟ್ ಪಡೆದ ಶೌಚಾಲಯದ ಕೊಳವೆಗೆ 'ಎಸ್' ಅಕ್ಷರದಂಥ ತಿರುವು ಇತ್ತು. ಆ ತಿರುವಿನಲ್ಲಿ ಸದಾ ಸ್ವಲ್ಪ ನೀರು ನಿಲ್ಲುತ್ತದೆ. ಹೊಸ ನೀರು ಬಂದರೆ ದಾಟಿ ಹೋಗುತ್ತದೆ, ಗಾಳಿ ಮಾತ್ರ ದಾಟಲಾರದು. ನೀರಿಗೆ ನೀರೇ ಬಾಗಿಲು! ನಮ್ಮ ನಹಾನಿ ಟ್ರ್ಯಾಪಿನ ಕೆಲಸವೂ ಇಷ್ಟೇ.

ಆ ಕಾಲದವರಿಗೆ ದುರ್ವಾಸನೆಯೆಂದರೆ ಬರೀ ಮೂಗಿನ ತೊಂದರೆಯಲ್ಲ. ಕೆಟ್ಟ ಗಾಳಿಯೇ ರೋಗ ತರುತ್ತದೆ ಎಂದು ವೈದ್ಯರೂ ನಂಬಿದ್ದರು. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿ ನಾರಿ, ಪಾರ್ಲಿಮೆಂಟಿನಲ್ಲಿ ಕೂರುವುದೇ ಕಷ್ಟವಾದಾಗ ಜೋಸೆಫ್ ಬಜಾಲ್ಗೆಟ್ಟನ ದೊಡ್ಡ ಒಳಚರಂಡಿ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಕಾಲರಾ ಬರುತ್ತಿದ್ದುದು ನೀರಿನಿಂದ, ಗಾಳಿಯಿಂದಲ್ಲ. ಕಾರಣ ತಪ್ಪಿದ್ದರೂ ಮದ್ದು ಸರಿಯಾಗಿತ್ತು.

ಮುಂಬಯಿಯಲ್ಲಿ ಹಾಗಾಗಲಿಲ್ಲ. 1896ರ ಸೆಪ್ಟೆಂಬರಿನಲ್ಲಿ ಮಾಂಡವಿಯಲ್ಲಿ ಡಾ. ಅಕಾಸಿಯೋ ವಿಯೇಗಸ್ ಪ್ಲೇಗನ್ನು ಗುರುತಿಸಿದರು. ಅನುಮಾನ ಹೋಗಿದ್ದು ಮೊದಲು ಗಟಾರಗಳ ಮೇಲೆ. ಸಮುದ್ರದ ನೀರು, ಕಾರ್ಬಾಲಿಕ್ ಆಸಿಡ್ ಸುರಿದು ತೊಳೆದರು. ಪ್ಲೇಗ್ ನಿಲ್ಲಲಿಲ್ಲ. ಇಲಿಯ ಚಿಗಟದಿಂದ ರೋಗ ಹರಡುತ್ತದೆಂದು ಪಾಲ್ ಲೂಯಿ ಸಿಮೊಂಡ್ ಕರಾಚಿಯಲ್ಲಿ ತೋರಿಸಿದ್ದು 1898ರಲ್ಲಿ, ಅದನ್ನು ಜಗತ್ತು ಒಪ್ಪಲು ಇನ್ನೂ ಕೆಲವು ವರ್ಷ ಬೇಕಾಯಿತು. ಅದೇ 1898ರಲ್ಲಿ ಹುಟ್ಟಿದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟು ಮುಂದೆ ದಾದರ್-ಮಾಟುಂಗಾ ಬಡಾವಣೆಗಳನ್ನು ಎಬ್ಬಿಸಿತು. ನಮ್ಮವರು ಅನೇಕರು ಬೇರುಬಿಟ್ಟ ಮಾಟುಂಗಾದ ಹಿಂದೆಯೂ ಆ ಪ್ಲೇಗಿನ ನೆರಳಿದೆ.

ಹಾಗಾದರೆ ಟ್ರ್ಯಾಪ್ ಇರುವುದು ಬರೀ ಮೂಗಿಗಾಗಿಯೇ? ಅಲ್ಲ. 2003ರಲ್ಲಿ ಹಾಂಗ್‌ಕಾಂಗಿನ ಅಮೊಯ್ ಗಾರ್ಡನ್ಸ್ ಎಂಬ ವಸತಿ ಸಮುಚ್ಚಯದಲ್ಲಿ 300ಕ್ಕೂ ಹೆಚ್ಚು ಜನರಿಗೆ ಸಾರ್ಸ್ ತಗಲಿತು. ಬಚ್ಚಲಿಗೆ ನೀರು ಹೊಯ್ಯದೆ ಬರೀ ಒರೆಸುತ್ತಿದ್ದ ಮನೆಗಳಲ್ಲಿ ಟ್ರ್ಯಾಪ್ ಒಣಗಿತ್ತು, ಎಕ್ಸಾಸ್ಟ್ ಫ್ಯಾನು ಪೈಪಿನೊಳಗಿನ ಸೋಂಕಿನ ಹನಿಗಳನ್ನು ಮನೆಯೊಳಕ್ಕೆ ಎಳೆದಿರಬೇಕು ಎಂದಿತು ತನಿಖೆ. ತಿಂಗಳುಗಟ್ಟಲೆ ಬಾಗಿಲು ಹಾಕಿ ಊರಿಗೆ ಹೋಗುವ ನಾವು ಇದನ್ನು ನೆನಪಿಡಬೇಕು. ಹೊರಡುವ ಮುನ್ನ ಪ್ರತಿ ಜಾಲರಿಗೂ ಒಂದು ಚೊಂಬು ನೀರು, ಮೇಲೆ ಒಂದು ಚಮಚ ಅಡಿಗೆ ಎಣ್ಣೆ. ನೀರು ಬೇಗ ಆರುವುದಿಲ್ಲ.

ಗಾಳಿ ತಡೆಯುವ ಆ ತಿರುವಿನಲ್ಲೇ ಕಸವೂ ಕೂರುತ್ತದೆ ಎನ್ನುವುದು ಇದರ ಕಷ್ಟ. ಬಚ್ಚಲಲ್ಲಿ ಕೂದಲು ಸೋಪಿನ ಜೊತೆ ಸೇರಿ ಹಗ್ಗವಾಗುತ್ತದೆ. ಅಡಿಗೆಮನೆಯ ಸಿಂಕಿನಲ್ಲಿ ಎಣ್ಣೆ ಜಿಡ್ಡು ತಣಿದು ಪೈಪಿಗೆ ಅಂಟಿ, ಕಾಯಿತುರಿ, ಚಹಾಪುಡಿ, ಅನ್ನದ ಅಗುಳನ್ನು ಹಿಡಿದಿಡುತ್ತದೆ. ಬಾಣಲೆಯನ್ನು ಹಳೇ ಪೇಪರಿನಿಂದ ಒರೆಸಿ ತೊಳೆಯಿರಿ. ವಾರಕ್ಕೊಮ್ಮೆ ಜಾಲರಿ ಎತ್ತಿ ಬಟ್ಟಲು ಬಳಿಯಿರಿ. ಕಟ್ಟಿಕೊಂಡರೆ ಮೊದಲು ರಬ್ಬರ್ ಪಂಪು ಒತ್ತಿ ನೋಡಿ. ಆಸಿಡ್ ಬೇಡ, ಕಟ್ಟಿಕೊಂಡ ಪೈಪಿನಲ್ಲಿ ಅದು ಹಾಗೇ ನಿಂತಿದ್ದು, ಆಮೇಲೆ ಬಿಚ್ಚುವವನ ಕೈ ಸುಡುತ್ತದೆ.

ಆ ಕೈ ಯಾರದು? ಹಳೇ ಮುಂಬಯಿಯಲ್ಲಿ ಕಟ್ಟಡಗಳ ಹಿಂದಿನ ಇಕ್ಕಟ್ಟು ಗಲ್ಲಿಗಳಿಂದ ಮಲ ಹೊರುತ್ತಿದ್ದವರನ್ನು ಮುನಿಸಿಪಾಲಿಟಿ 'ಹಲಾಲ್‌ಖೋರ್' ಎನ್ನುತ್ತಿತ್ತು, ಆ ಹೆಸರಿನಲ್ಲೇ ತೆರಿಗೆಯೂ ಇತ್ತು. ಅವರಲ್ಲಿ ಬಹುಪಾಲು ದಲಿತರು. ಕರ್ನಾಟಕದಲ್ಲಿ 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪ ತಲೆ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ದೇಶದ ಕಾನೂನು ಬಂದಿದ್ದು 1993ರಲ್ಲಿ. ರಕ್ಷಣೆಯಿಲ್ಲದೆ ಮನುಷ್ಯರನ್ನು ಗಟಾರಕ್ಕೆ, ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದನ್ನು ತಡೆಯುವ ಕಾನೂನು 2013ರಲ್ಲಿ. ಆದರೂ ಸಾವು ನಿಂತಿಲ್ಲ. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಪರಿಹಾರವನ್ನು 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಬೇಕಾಯಿತು.

ನಮ್ಮ ಬಟ್ಟಲು ದಾಟಿದ ಜಿಡ್ಡು ಮಾಯವಾಗುವುದಿಲ್ಲ, ಸೊಸೈಟಿಯ ಚೇಂಬರಿಗೆ ಹೋಗಿ ಕೂರುತ್ತದೆ. ಅದು ತುಂಬಿದ ದಿನ ಕಾರ್ಯದರ್ಶಿ ಮುನ್ನೂರೋ ಐನೂರೋ ಕೊಟ್ಟು ಯಾರನ್ನಾದರೂ ಇಳಿಸುವ ಮಾತಾಡಿದರೆ, ಬೇಡ ಅನ್ನಿ. ಯಂತ್ರದ ಗಾಡಿ ಕರೆಸಿ ಅನ್ನಿ. ಖರ್ಚು ಜಾಸ್ತಿ ಎಂದು ಮೀಟಿಂಗಿನಲ್ಲಿ ಗಲಾಟೆ ಆಗುತ್ತದೆ, ಆಗಲಿ.