ಮನೆಯ ನಿಸ್ತಂತು ಜಾಲ ಮತ್ತು ಎಲ್ಲರಿಗೊಂದು ಪ್ರಿಂಟರ್: ಬೀಗ ಮೊದಲು, ಹಂಚಿಕೆ ಅನಂತರ

ಮನೆಗೆ ಬಂದಿರುವ ಅಂತರಜಾಲ ಸಂಪರ್ಕವನ್ನು ತಂತಿಯಿಲ್ಲದೆ ಎಲ್ಲ ಉಪಕರಣಗಳಿಗೂ ಹಂಚುವ ವ್ಯವಸ್ಥೆಯೇ ನಿಸ್ತಂತು ಜಾಲ, ಅರ್ಥಾತ್ ವೈಫೈ. ಈ ಜಾಲಕ್ಕೆ ಒಂದು ಪ್ರಿಂಟರನ್ನೂ ಸೇರಿಸಿದರೆ ಮಕ್ಕಳ ಪ್ರಾಜೆಕ್ಟ್, ರೈಲಿನ ಟಿಕೆಟ್, ಬ್ಯಾಂಕಿನ ಸ್ಟೇಟ್‌ಮೆಂಟ್, ರಾಜ್ಯೋತ್ಸವದ ಆಮಂತ್ರಣ ಎಲ್ಲವನ್ನೂ ಯಾವ ಕೋಣೆಯಿಂದಲಾದರೂ ಮುದ್ರಿಸಬಹುದು. ಕೊಯಾಲಿಯ ತೈಲ ಸಂಸ್ಕರಣಾಗಾರದ ಆಸುಪಾಸಿನಲ್ಲಿ ಹಾಗೂ ವಡೋದರಾ, ಅಹಮದಾಬಾದ್, ಸೂರತ್ ನಗರಗಳಲ್ಲಿ ನೆಲೆಸಿರುವ ನಮ್ಮ ಕುಟುಂಬಗಳ ಅನುಕೂಲಕ್ಕಾಗಿ ಈ ಮಾಹಿತಿಯನ್ನು ಕ್ರಮವಾಗಿ ಇಲ್ಲಿ ನೀಡಲಾಗಿದೆ.

ಬೀಗ ಏಕೆ ಮೊದಲು?

ಭಾರತದಲ್ಲಿ 2.4 ಗಿಗಾಹರ್ಟ್ಸ್ ತರಂಗಪಟ್ಟಿಯನ್ನು ಪರವಾನಗಿಯಿಲ್ಲದೆ ಬಳಸಬಹುದೆಂದು ಕೇಂದ್ರ ಸರ್ಕಾರವು 2005ರ ಜನವರಿಯಲ್ಲಿ ಅಧಿಸೂಚನೆ ಹೊರಡಿಸಿತು. ಅಲ್ಲಿಂದ ಮುಂದೆ ಮನೆಮನೆಗೂ ವೈಫೈ ಬಂದಿತು. ಆದರೆ ಬಹಳಷ್ಟು ಮನೆಗಳಲ್ಲಿ ಅದಕ್ಕೆ ಪಾಸ್‌ವರ್ಡ್ ಇರಲಿಲ್ಲ. ಇದರ ಪರಿಣಾಮವೇನೆಂಬುದನ್ನು ಗುಜರಾತಿನಲ್ಲಿರುವ ನಾವು ಮರೆಯುವಂತಿಲ್ಲ. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ನಡೆದ ಸರಣಿ ಸ್ಫೋಟಗಳಲ್ಲಿ 56 ಜನರು ಪ್ರಾಣ ಕಳೆದುಕೊಂಡರು. ಸ್ಫೋಟಕ್ಕೆ ಕೆಲವೇ ನಿಮಿಷಗಳ ಮುನ್ನ ಸುದ್ದಿವಾಹಿನಿಗಳಿಗೆ ಬೆದರಿಕೆಯ ಮಿಂಚಂಚೆ ಬಂದಿತ್ತು. ಪೊಲೀಸರು ಅದರ ಜಾಡು ಹಿಡಿದು ಹೋದಾಗ ತಲುಪಿದ್ದು ನವಿ ಮುಂಬಯಿಯ ಒಂದು ವಸತಿಗೆ. ಅಲ್ಲಿಯ ವೈಫೈಗೆ ಸರಿಯಾದ ರಕ್ಷಣೆಯಿರಲಿಲ್ಲ. ಅದನ್ನು ಬೇರೆಯವರು ದುರುಪಯೋಗಪಡಿಸಿಕೊಂಡಿದ್ದರು. ಆದರೂ ಆ ಮನೆಯಾತ ದೀರ್ಘ ವಿಚಾರಣೆಯನ್ನು ಎದುರಿಸಬೇಕಾಯಿತು. 2009ರ ಫೆಬ್ರವರಿಯಲ್ಲಿ ದೂರಸಂಪರ್ಕ ಇಲಾಖೆಯು ವೈಫೈಯನ್ನು ಸುರಕ್ಷಿತವಾಗಿ ಬಳಸುವ ಬಗ್ಗೆ ಅಂತರಜಾಲ ಸೇವಾದಾರರಿಗೆ ಸೂಚನೆಗಳನ್ನು ನೀಡಿತು.

ಹೊರಜಗತ್ತಿಗೆ ನಮ್ಮ ಜಾಲದಿಂದ ಹೋದುದೆಲ್ಲವೂ ನಮ್ಮ ಮನೆಯ ವಿಳಾಸದಿಂದಲೇ ಹೋದಂತೆ ಕಾಣುತ್ತದೆ. ಪ್ರಿಂಟರ್ ಸೇರಿದ ಮೇಲಂತೂ ಆಧಾರ್, ಪ್ಯಾನ್, ಪಾಸ್‌ಬುಕ್ಕಿನ ಪ್ರತಿಗಳೂ ಅದೇ ಜಾಲದಲ್ಲಿ ಓಡಾಡುತ್ತವೆ. ಆದ್ದರಿಂದ ಮೊದಲು ಬೀಗ, ಆಮೇಲೆ ಹಂಚಿಕೆ.

ಬೀಗ ಹಾಕುವ ಕ್ರಮ

ರೌಟರಿನ ತಳಭಾಗದ ಚೀಟಿಯಲ್ಲಿ ಅದರ ವಿಳಾಸ (ಸಾಮಾನ್ಯವಾಗಿ 192.168 ಎಂದು ಆರಂಭವಾಗುವ ಅಂಕಿಗಳು) ಮತ್ತು ಪ್ರವೇಶದ ಪಾಸ್‌ವರ್ಡ್ ಇರುತ್ತವೆ. ಆ ವಿಳಾಸವನ್ನು ಬ್ರೌಸರಿನಲ್ಲಿ ಬರೆದರೆ ರೌಟರಿನ ಒಳಪುಟ ತೆರೆಯುತ್ತದೆ. ಅಲ್ಲಿ ಮಾಡಬೇಕಾದ ಕೆಲಸಗಳು ಇವು:

1. ಒಳಪುಟದ ಪಾಸ್‌ವರ್ಡನ್ನು ತಕ್ಷಣ ಬದಲಾಯಿಸಿ. ಇದು ವೈಫೈ ಪಾಸ್‌ವರ್ಡಿಗಿಂತ ಬೇರೆಯದು. ಹಲವರು ಇದನ್ನು ಮರೆಯುತ್ತಾರೆ.

2. ರಕ್ಷಣೆಯ ಬಗೆಯನ್ನು ಡಬ್ಲ್ಯೂಪಿಎ2 ಅಥವಾ ಡಬ್ಲ್ಯೂಪಿಎ3ಕ್ಕೆ ಇರಿಸಿ. ಇವು ಕ್ರಮವಾಗಿ 2004 ಮತ್ತು 2018ರಲ್ಲಿ ಬಂದವು. ಹಳೆಯ ಡಬ್ಲ್ಯೂಇಪಿ ವಿಧಾನದ ದೌರ್ಬಲ್ಯ 2001ರಲ್ಲಿಯೇ ಬಯಲಾಗಿದೆ; ಅದು ಬೇಡ.

3. ವೈಫೈ ಪಾಸ್‌ವರ್ಡ್ ಉದ್ದವಾಗಿರಲಿ. ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಜೋಡಿಸಿದರೆ ಮನೆಯವರಿಗೆ ನೆನಪಿರುತ್ತದೆ, ಹೊರಗಿನವರಿಗೆ ಊಹಿಸಲು ಕಷ್ಟ. ಫ್ಲ್ಯಾಟಿನ ಸಂಖ್ಯೆ, ಮೊಬೈಲ್ ಸಂಖ್ಯೆ ಬೇಡ.

4. ಗುಂಡಿ ಒತ್ತಿ ಜೋಡಿಸುವ ಡಬ್ಲ್ಯೂಪಿಎಸ್ ಸೌಲಭ್ಯವನ್ನು ಆರಿಸಿಡಿ.

5. ಅತಿಥಿಗಳಿಗಾಗಿ ಪ್ರತ್ಯೇಕ ಜಾಲವಿದ್ದರೆ ಅದನ್ನು ತೆರೆಯಿರಿ. ನವರಾತ್ರಿಗೆ ಊರಿನಿಂದ ಬಂದ ನೆಂಟರಿಗೆ ಆ ಜಾಲದ ಪಾಸ್‌ವರ್ಡ್ ಕೊಡಿ. ಈ ಜಾಲ ಸರಿಯಾಗಿ ಪ್ರತ್ಯೇಕವಾಗಿದ್ದರೆ ಅವರಿಗೆ ಅಂತರಜಾಲ ಸಿಗುತ್ತದೆ, ನಿಮ್ಮ ಪ್ರಿಂಟರ್ ಮತ್ತು ಕಂಪ್ಯೂಟರ್ ಕಾಣುವುದಿಲ್ಲ.

ರೌಟರಿನ ಸ್ಥಾನ

ಇಟ್ಟಿಗೆ ಗೋಡೆ ಮತ್ತು ಕಾಂಕ್ರೀಟ್ ಛಾವಣಿ ತರಂಗಗಳ ಬಲವನ್ನು ಕುಗ್ಗಿಸುತ್ತವೆ. ಉಕ್ಕಿನ ಬೀರು ಅವನ್ನು ಬಹುಮಟ್ಟಿಗೆ ತಡೆದೇಬಿಡುತ್ತದೆ. ಆದಕಾರಣ ರೌಟರ್ ಮನೆಯ ನಡುಭಾಗದಲ್ಲಿ, ಎದೆಯೆತ್ತರಕ್ಕೆ, ಬಯಲಾಗಿ ಇರಲಿ. ಮೈಕ್ರೊವೇವ್ ಒಲೆಯೂ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿಯೇ ಕೆಲಸ ಮಾಡುವುದರಿಂದ ಅಡುಗೆಮನೆಯಿಂದ ದೂರವಿರಲಿ. 5 ಗಿಗಾಹರ್ಟ್ಸ್ ಪಟ್ಟಿಯ ವೇಗ ಹೆಚ್ಚು, ವ್ಯಾಪ್ತಿ ಕಡಿಮೆ. ಅಗ್ಗದ ಪ್ರಿಂಟರುಗಳಲ್ಲಿ ಹಲವು 2.4ಕ್ಕೆ ಮಾತ್ರ ಓಗೊಡುತ್ತವೆ. ಪ್ರಿಂಟರಿಗೆ ಜಾಲವೇ ಕಾಣದಿದ್ದರೆ ಮೊದಲು ಪರಿಶೀಲಿಸಬೇಕಾದ ಅಂಶ ಇದೇ.

ಪ್ರಿಂಟರ್ ಹಂಚುವ ಮೂರು ದಾರಿಗಳು

ಮೊದಲನೆಯದು, ವೈಫೈ ಇರುವ ಪ್ರಿಂಟರನ್ನು ನೇರವಾಗಿ ರೌಟರಿಗೆ ಜೋಡಿಸುವುದು. ಇದು ಎಲ್ಲಕ್ಕಿಂತ ಸುಲಭ. ಯಾವ ಕಂಪ್ಯೂಟರೂ ಚಾಲೂ ಇರಬೇಕಿಲ್ಲ. ಇಂಥ ಪ್ರಿಂಟರುಗಳಲ್ಲಿ ಬಹುತೇಕವು ಮೊಬೈಲಿನಿಂದ ಬರುವ ಪುಟವನ್ನೂ ಮುದ್ರಿಸುತ್ತವೆ.

ಎರಡನೆಯದು, ಹಳೆಯ ಪ್ರಿಂಟರನ್ನು ಯುಎಸ್‌ಬಿ ತಂತಿಯಿಂದ ಒಂದು ಕಂಪ್ಯೂಟರಿಗೆ ಜೋಡಿಸಿ, ಅಲ್ಲಿಂದ ಹಂಚುವುದು. ವಿಂಡೋಸ್‌ನಲ್ಲಿ ಮನೆಯ ಜಾಲವನ್ನು ‘ಪ್ರೈವೇಟ್’ ಎಂದು ಗುರುತಿಸಿ, ಪ್ರಿಂಟರಿನ ಗುಣಲಕ್ಷಣಗಳ ಪುಟದಲ್ಲಿ ಹಂಚಿಕೆಗೆ ಒಪ್ಪಿಗೆ ಕೊಡಬೇಕು. ಆ ಕಂಪ್ಯೂಟರ್ ಎಚ್ಚರವಾಗಿರುವಷ್ಟು ಹೊತ್ತು ಮಾತ್ರ ಇತರರಿಗೆ ಮುದ್ರಣ ಸಾಧ್ಯ.

ಮೂರನೆಯದು, ಯುಎಸ್‌ಬಿ ಕಿಂಡಿಯಿರುವ ರೌಟರಿಗೇ ಪ್ರಿಂಟರನ್ನು ಜೋಡಿಸುವುದು. ಎಲ್ಲ ರೌಟರುಗಳಿಗೂ ಈ ಶಕ್ತಿಯಿಲ್ಲ. ಮುದ್ರಣವಾದರೂ ಸ್ಕ್ಯಾನ್ ಆಗದಿರಬಹುದು. ಕೊಳ್ಳುವ ಮುನ್ನ ವಿಚಾರಿಸುವುದು ಲೇಸು.

ವಿದ್ಯುತ್ ಹೋಗಿ ಬಂದ ಮೇಲೆ ಪ್ರಿಂಟರ್ ‘ಆಫ್‌ಲೈನ್’ ಎನ್ನುವುದು ಸಾಮಾನ್ಯ ದೂರು. ರೌಟರ್ ಮತ್ತೆ ಆರಂಭವಾದಾಗ ಪ್ರಿಂಟರಿಗೆ ಹೊಸ ಅಂಕಿಯ ವಿಳಾಸ ಕೊಟ್ಟಿರುತ್ತದೆ; ಕಂಪ್ಯೂಟರ್ ಹಳೆಯ ವಿಳಾಸದಲ್ಲಿಯೇ ಹುಡುಕುತ್ತಿರುತ್ತದೆ. ರೌಟರಿನ ಒಳಪುಟದಲ್ಲಿ ಪ್ರಿಂಟರಿಗೆ ಒಂದು ವಿಳಾಸವನ್ನು ಕಾಯ್ದಿರಿಸಿದರೆ ಈ ತೊಂದರೆ ತಪ್ಪುತ್ತದೆ. ಇಲ್ಲಿಯ ಬೇಸಿಗೆಯಲ್ಲಿ ಇಂಕ್‌ಜೆಟ್ ಪ್ರಿಂಟರಿನ ಶಾಯಿ ಬೇಗ ಒಣಗುತ್ತದೆ. ವಾರಕ್ಕೊಮ್ಮೆ ಬಣ್ಣದ ಒಂದು ಪುಟವನ್ನಾದರೂ ಮುದ್ರಿಸುತ್ತಿರಬೇಕು.

ಕನ್ನಡ ಮುದ್ರಣದ ಮಾತು

ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಅಕ್ಷರಶೈಲಿಗಳಲ್ಲಿ ಸಿದ್ಧವಾದ ಕಡತವನ್ನು ಮನೆಯ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಬರಬಹುದು. ಇದು ಪ್ರಿಂಟರಿನ ದೋಷವಲ್ಲ. ಅಕ್ಷರಗಳಿಗೆ ರೂಪ ಕೊಡುವುದು ಕಂಪ್ಯೂಟರ್. ಆ ಶೈಲಿ ಅಲ್ಲಿ ಇಲ್ಲದಿರುವುದೇ ಕಾರಣ. ಕಡತವನ್ನು ಸಿದ್ಧಪಡಿಸಿದ ಕಂಪ್ಯೂಟರಿನಲ್ಲಿಯೇ ಅಕ್ಷರಶೈಲಿ ಸಮೇತ ಪಿಡಿಎಫ್ ಮಾಡಿ ಕಳುಹಿಸಿದರೆ ಯಾವ ಕೋಣೆಯಿಂದಲೂ ಶುದ್ಧ ಕನ್ನಡ ಮುದ್ರಿತವಾಗುತ್ತದೆ. ಹೊಸ ಬರವಣಿಗೆಯನ್ನು ಯೂನಿಕೋಡಿನಲ್ಲಿಯೇ ಮಾಡುವುದು ಉತ್ತಮ.

ಕೊನೆಯದಾಗಿ

ಪ್ರಿಂಟರನ್ನು ಮಾರುವಾಗ ಅಥವಾ ಗುಜರಿಗೆ ಹಾಕುವಾಗ ಅದನ್ನು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳಿಸಿರಿ. ನಿಮ್ಮ ವೈಫೈ ಪಾಸ್‌ವರ್ಡ್ ಅದರೊಳಗೆ ಉಳಿದಿರುತ್ತದೆ. ಗಾಜಿನ ಮೇಲೆ ಮರೆತ ಆಧಾರ್ ಚೀಟಿಯನ್ನೂ ತೆಗೆದುಕೊಳ್ಳಿರಿ. ಬ್ಯಾಂಕಿನ ಲಾಕರಿಗೆ ಎರಡು ಬೀಗದಕೈಗಳಿರುವಂತೆ ಮನೆಯ ಜಾಲಕ್ಕೂ ಎರಡು ಪಾಸ್‌ವರ್ಡುಗಳಿವೆ: ಒಂದು ವೈಫೈಯದು, ಇನ್ನೊಂದು ರೌಟರಿನದು. ಎರಡನ್ನೂ ಕಾಗದದಲ್ಲಿ ಬರೆದು ಮುಖ್ಯ ದಾಖಲೆಗಳ ಜೊತೆಯಲ್ಲಿ ಜೋಪಾನವಾಗಿರಿಸಿ. ಮಕ್ಕಳು ಓದಿಗೋ ಉದ್ಯೋಗಕ್ಕೋ ಪರಸ್ಥಳಕ್ಕೆ ಹೋದ ಮೇಲೆ ಮನೆಯಲ್ಲಿ ಉಳಿಯುವ ಹಿರಿಯರಿಗೆ ಆ ಕಾಗದವೇ ಆಸರೆ.