ಪುರದವರು ಕೇಳಿದ್ದು ನೀರು

ನಮ್ಮಲ್ಲಿ ಸರಕಾರದ ಇಂಧನ ಯೋಜನೆ ಅಂದ ಕೂಡಲೇ ನೆನಪಾಗೋದು ಎರಡೇ. ಒಂದು ಅಣೆಕಟ್ಟು, ಇನ್ನೊಂದು ಪುಕ್ಕಟೆ ಕರೆಂಟು. ಮೊದಲನೆಯದರ ಕಥೆ 1902ರ ಶಿವನಸಮುದ್ರದಿಂದಲೇ ಶುರುವಾಗುತ್ತೆ. ಎರಡನೆಯದು 1980ರ ಆಸುಪಾಸಿನಲ್ಲಿ, ಬಡವರ ಮನೆಗೆ ಒಂದು ಬಲ್ಬು ಕೊಟ್ಟ ಭಾಗ್ಯಜ್ಯೋತಿಯಿಂದ. ಆದರೆ ಅದೇ ಕಾಲದಲ್ಲಿ ಕುಣಿಗಲ್ ತಾಲೂಕಿನ ಒಂದು ಪುಟ್ಟ ಹಳ್ಳಿಯಲ್ಲಿ ಮೂರನೆಯದೊಂದು ದಾರಿಯ ಪ್ರಯೋಗ ನಡೆದಿತ್ತು. ಹಳ್ಳಿಯ ಹೆಸರು ಪುರ.

ಸ್ವಲ್ಪ ಹಿನ್ನೆಲೆ ಹೇಳಿಬಿಡ್ತೀನಿ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ನಮ್ಮ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟು) ಪ್ರೊ. ಅಮೂಲ್ಯ ರೆಡ್ಡಿ ಮತ್ತು ಸಂಗಡಿಗರು ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ 'ಅಸ್ತ್ರ' ಅನ್ನೋ ಘಟಕ ಶುರು ಮಾಡಿದರು. ಅಸ್ತ್ರ ಒಲೆಯ ಹೆಸರು ಕೇಳಿದ್ದೀರಲ್ಲ, ಅದೇ ಅಸ್ತ್ರ. ಮರುವರ್ಷ, 1975ರಲ್ಲಿ, ಕರ್ನಾಟಕ ಸರಕಾರ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯನ್ನು ಕಟ್ಟಿತು. ಹೀಗೊಂದು ಮಂಡಳಿ ಮಾಡಿದ ಮೊದಲ ರಾಜ್ಯ ನಮ್ಮದು. ಅದರ ಕಚೇರಿ ಸಂಸ್ಥೆಯ ಆವರಣದಲ್ಲೇ, ಕಾರ್ಯದರ್ಶಿಯಾಗಿ ದುಡಿದದ್ದೂ ರೆಡ್ಡಿಯವರೇ. ಸರಕಾರದ ಬೆಂಬಲ, ವಿಜ್ಞಾನಿಗಳ ತಲೆ ಎರಡೂ ಹೀಗೆ ಒಂದು ಕಡೆ ಸೇರಿದವು.

ಅವರು ಮೊದಲು ಮಾಡಿದ್ದು ಲೆಕ್ಕ. 1970ರ ದಶಕದ ಕೊನೆಯಲ್ಲಿ ಉಂಗ್ರ ಸುತ್ತಲಿನ ಆರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಯಾರು ಯಾವ ಇಂಧನ ಎಷ್ಟು ಸುಡ್ತಾರೆ ಅಂತ ಬರೆದುಕೊಂಡರು. ಪುರದಲ್ಲಿ ಬಳಕೆಯಾಗುತ್ತಿದ್ದ ಶಕ್ತಿಯಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲು ಕಟ್ಟಿಗೆಯದು. ಅದರಲ್ಲಿ ಬಹುಪಾಲು ಅಡುಗೆ ಒಲೆಗೆ. ಅಂದಮೇಲೆ ಪರಿಹಾರ ಸುಲಭ ಅಲ್ವಾ? ಊರಿನ ಸಗಣಿಯನ್ನೆಲ್ಲ ಒಂದು ಕಡೆ ಹಾಕಿ ಗೋಬರ್ ಗ್ಯಾಸ್ ಮಾಡೋದು, ಪೈಪಿನಲ್ಲಿ ಮನೆಮನೆಗೆ ಒಲೆಗೆ ಕೊಡೋದು.

1980ರ ದಶಕದ ಮೊದಲ ಭಾಗದಲ್ಲಿ ಅದನ್ನೇ ಮಾಡಿದರು, ಕೈ ಹತ್ತಲಿಲ್ಲ. ಬಂದ ಗ್ಯಾಸು ಎರಡು ಹೊತ್ತಿನ ಅಡುಗೆಗೆ ಸಾಲದು. ಹೇಗಿದ್ದರೂ ಕಟ್ಟಿಗೆ ಒಲೆ ಹೊತ್ತಿಸಲೇಬೇಕು ಅಂದಮೇಲೆ ಗ್ಯಾಸಿನ ಒಲೆ ಯಾಕೆ? ಮೇಲಾಗಿ ಕಟ್ಟಿಗೆಗೆ ಅಲ್ಲಿ ಕಾಸು ಕೊಡಬೇಕಿರಲಿಲ್ಲ, ಆಯ್ದು ತರುತ್ತಿದ್ದರು. ಯೋಜನೆ ನಿಂತಿತು.

ಸಾಮಾನ್ಯವಾಗಿ ಸರಕಾರಿ ಯೋಜನೆಗಳ ಕಥೆ ಇಲ್ಲಿಗೇ ಮುಗಿಯುತ್ತೆ. ತುಕ್ಕು ಹಿಡಿದ ಡ್ರಮ್ಮು, ಒಂದು ಬೋರ್ಡು, ಅಷ್ಟೇ. ಇಲ್ಲಿ ಹಾಗಾಗಲಿಲ್ಲ. ವಿಜ್ಞಾನಿಗಳು ಮತ್ತೆ ಊರವರ ಜೊತೆ ಕೂತರು. ಊರವರಿಗೆ ಎಲ್ಲಕ್ಕಿಂತ ಮೊದಲು ಬೇಕಾಗಿದ್ದದ್ದು ಕುಡಿಯೋ ನೀರು! ಸಮೀಕ್ಷೆಯ ಅಂಕಿ ಸರಿಯಾಗೇ ಇತ್ತು, ಆದರೆ ಯಾವುದಕ್ಕೆ ಹೆಚ್ಚು ಇಂಧನ ಖರ್ಚಾಗುತ್ತೆ ಅನ್ನೋದೂ ಜನಕ್ಕೆ ಏನು ಬೇಕು ಅನ್ನೋದೂ ಬೇರೆ ಬೇರೆ ಪ್ರಶ್ನೆಗಳು. ಸಾಫ್ಟ್‌ವೇರಿನಲ್ಲಿ ಇರೋರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ :-)

1987ರ ಸೆಪ್ಟೆಂಬರಿನಿಂದ ಅದೇ ಗ್ಯಾಸು ಒಲೆ ಬಿಟ್ಟು ಎಂಜಿನ್ನಿಗೆ ಹೋಯಿತು. 5 ಕಿಲೋವ್ಯಾಟ್ ಆಸುಪಾಸಿನ ಪುಟ್ಟ ಡೀಸೆಲ್ ಜನರೇಟರು, ಹೊತ್ತಿಸಲಿಕ್ಕೆ ಸ್ವಲ್ಪ ಡೀಸೆಲ್, ಉಳಿದದ್ದು ಗೋಬರ್ ಗ್ಯಾಸು. ಆ ಕರೆಂಟಿನಿಂದ ಕೊಳವೆಬಾವಿಯ ಪಂಪು ಓಡಿತು, ನಲ್ಲಿಯಲ್ಲಿ ನೀರು ಬಂತು, ಸಂಜೆ ಮನೆಗಳಲ್ಲಿ ಟ್ಯೂಬ್‌ಲೈಟು ಉರಿಯಿತು.

ನನಗೆ ತುಂಬಾ ಇಷ್ಟವಾದದ್ದು ಅದರ ವ್ಯವಹಾರ. ಸಗಣಿ ತಂದು ಹಾಕಿದವರಿಗೆ ಕಿಲೋಗೆ 2 ಪೈಸೆ. ಗ್ಯಾಸ್ ಹೋದಮೇಲೂ ಸಗಣಿಯಲ್ಲಿ ಸಾರಜನಕ ಉಳಿಯುತ್ತೆ, ಆದ್ದರಿಂದ ಉಳಿದ ಬಗ್ಗಡವನ್ನು ಮರಳಿನ ಹಾಸಿನ ಮೇಲೆ ಸೋಸಿ ವಾಪಸ್ ಕೊಡುತ್ತಿದ್ದರು, ಹೊಲಕ್ಕೆ ಒಳ್ಳೆ ಗೊಬ್ಬರ. ಯಂತ್ರ ನಡೆಸಿದ್ದು ಊರಿನ ಹುಡುಗರು, ಮೇಲುಸ್ತುವಾರಿ ಊರಿನ ಸಮಿತಿಯದು, ನೀರಿಗೂ ಬೆಳಕಿಗೂ ತಿಂಗಳಿಗಿಷ್ಟು ಹಣ. ಸಗಣಿ ಕೊಡದಿದ್ದರೆ ಯಂತ್ರ ನಿಲ್ಲುತ್ತೆ, ಯಂತ್ರ ನಿಂತರೆ ಸಗಣಿ ಕೊಡದವನ ಮನೆಗೂ ನೀರಿಲ್ಲ! ಎಲ್ಲರದ್ದು ಅಂದರೆ ಯಾರದ್ದೂ ಅಲ್ಲ ಅನ್ನೋ ಮಾತಿಗೆ ಪುರ ಒಂದು ಉತ್ತರ ಅಂತ ರೆಡ್ಡಿಯವರು ಆಮೇಲೆ ಬರೆದರು.

ಸುಮಾರು ಒಂದು ದಶಕ ಹೀಗೆ ನಡೆದು ಅದೂ ನಿಂತಿತು. ರೆಡ್ಡಿಯವರು 2006ರಲ್ಲಿ ತೀರಿಕೊಂಡರು.

ಈಗ 2023ರ ಜುಲೈಗೆ ಬನ್ನಿ. ಗೃಹಜ್ಯೋತಿ ಶುರುವಾದಾಗಿನ ಸೂತ್ರ ಹೀಗಿತ್ತು: ಹಿಂದಿನ ವರ್ಷದ ನಿಮ್ಮ ಸರಾಸರಿ ಬಳಕೆಗೆ ನೂರಕ್ಕೆ 10 ಸೇರಿಸಿ, 200 ಯೂನಿಟ್ಟಿನ ಮಿತಿಯೊಳಗೆ ಪುಕ್ಕಟೆ. ಲೆಕ್ಕ ಹಾಕಿ ನೋಡಿ. 60 ಯೂನಿಟ್ ಬಳಸುತ್ತಿದ್ದ ಮನೆಗೆ 66, 180 ಬಳಸುತ್ತಿದ್ದ ಮನೆಗೆ 198. ಫ್ರಿಜ್ಜಿಲ್ಲದ ಮನೆಗೆ ಕಡಿಮೆ, ಇದ್ದ ಮನೆಗೆ ಹೆಚ್ಚು. ಪುಕ್ಕಟೆ ಕೊಡಬಾರದು ಅನ್ನೋದು ನನ್ನ ವಾದ ಅಲ್ಲ. ಬಿಲ್ಲು ಉಳಿದರೆ ಎಷ್ಟೋ ಮನೆಗಳಿಗೆ ಅದೇ ದೊಡ್ಡದು. ಆದರೆ ಮೀಟರಿಗೆ ನೀವು ಎಷ್ಟು ಬಳಸಿದಿರಿ ಅಂತ ಮಾತ್ರ ಗೊತ್ತು. ನಿಮಗೆ ಏನು ಬೇಕು ಅಂತ ಗೊತ್ತಾಗಬೇಕಾದರೆ ಯಾರಾದರೂ ಬಂದು ಕೇಳಬೇಕು. ಪುರದಲ್ಲಿ ಎರಡನೇ ಸಲವಾದರೂ ಕೇಳಿದ್ದರು.

ನಿಮ್ಮ ಊರಿನಲ್ಲಿ ಯಾರಾದರೂ ಹಾಗೆ ಕೇಳಿದ್ದುಂಟಾ? ಕೇಳಿದ್ದರೆ ಊರವರು ಏನು ಹೇಳಿದರು? ಬರೀರಿ.